ನಮ್ಮ ಅಂಗನವಾಡಿಯ ನೆಂಟರಾಟ

ಕೋಣಂದೂರಿನಿಂದ ಬಸ್ಸಿನಲ್ಲಿ ಕಾಲು ಗಂಟೆ ದೂರದ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಟೀಚರು. ಒಂದು ಕೋಣೆ, ಪಕ್ಕದಲ್ಲೊಂದು ಸಣ್ಣ ಅಡಿಗೆಮನೆ, ಒಂದೇ ಒಂದು ಕುರ್ಚಿ. ಮಕ್ಕಳು ನನ್ನನ್ನು ಅಕ್ಕೋರು ಎನ್ನುತ್ತಾರೆ, ಅವರನ್ನು ಕೇಳಿ ಕೇಳಿ ಊರಿನವರೂ ಹಾಗೇ ಕರೆಯುತ್ತಾರೆ. ನನಗೆ ಸಿಟ್ಟು ಬೇಗ, ಜಂಬವೂ ಒಂದು ಹಿಡಿ ಜಾಸ್ತಿ ಎಂದು ಮನೆಯವರು ಹೇಳುವುದುಂಟು. ಎರಡನ್ನೂ ಒಪ್ಪಿಕೊಂಡೇ ಬರೆಯಲು ಕೂತಿದ್ದೇನೆ, ಏಕೆಂದರೆ ಇದು ಜಂಬದ ವಿಷಯವೇ.

ಮೂರು ವರ್ಷದ ಹಿಂದೆ ನಮ್ಮಲ್ಲಿ ಹನ್ನೊಂದು ಮಕ್ಕಳಿದ್ದರು. ಊರಿನ ಉಳಿದ ಮಕ್ಕಳನ್ನು ಬೆಳಿಗ್ಗೆ ಹಳದಿ ವ್ಯಾನೊಂದು ಬಂದು ಕೋಣಂದೂರಿನ ಇಂಗ್ಲಿಷ್ ನರ್ಸರಿಗೆ ಒಯ್ಯುತ್ತಿತ್ತು. ಒಂದು ದಿನ ತಾಯಿಯೊಬ್ಬರು ಗೇಟಿನಲ್ಲೇ ನಿಂತು ಕೇಳಿದರು. "ಅಕ್ಕೋರೆ, ವ್ಯಾನಲ್ಲಿ ಹೋಗೋ ಮಕ್ಕಳು ಒಂದು ಬಿಸ್ಕೀಟು ಕೊಟ್ರೂ ಥ್ಯಾಂಕ್ಯೂ ಆಂಟಿ ಅಂತಾವೆ. ನಮ್ಮವು ಕಿತ್ಕೊಂಡು ಓಡ್ತಾವೆ. ನೀವು ಎಂತ ಕಲಿಸ್ತೀರಿ ಇಲ್ಲಿ?"

ಮೈಯೆಲ್ಲ ಉರಿಯಿತು. ನನ್ನ ತವರು ಸಾಗರದ ಕಡೆ. ಅಲ್ಲಿ ನನ್ನ ಅಮ್ಮ ಹುಟ್ಟಿದಾರಭ್ಯ ಯಾರಿಗೂ ಥ್ಯಾಂಕ್ಯೂ ಹೇಳಿದವಳಲ್ಲ. ಆದರೆ ನಮ್ಮ ಮನೆಗೆ ಬಂದವರು ಯಾರೂ ಅವಳಿಗೆ ಮರ್ಯಾದೆ ಗೊತ್ತಿಲ್ಲ ಎನ್ನುವಂತಿರಲಿಲ್ಲ. ಬಂದವರು ಚಪ್ಪಲಿ ಬಿಡುವಷ್ಟರಲ್ಲಿ ಒಂದು ತಟ್ಟೆಯಲ್ಲಿ ಬೆಲ್ಲದ ಚೂರು, ಪಕ್ಕದಲ್ಲಿ ಒಂದು ಚೊಂಬು ತಣ್ಣೀರು. ಆಮೇಲೆ, "ಆಸರಿಗೆ ಎಂತ ಮಾಡ್ಲಿ?" ಬಾಯಾರಿಕೆಗೆ ಏನು ಕೊಡಲಿ ಎಂದು ಅದರ ಅರ್ಥ. ಮಜ್ಜಿಗೆಯೋ ಕಾಫಿಯೋ ಕುಡಿದ ಮೇಲೆಯೇ ಬಂದ ಕೆಲಸದ ಮಾತು. ಈ ಮರ್ಯಾದೆಯನ್ನೇ ನನ್ನ ಮಕ್ಕಳಿಗೆ ಕಲಿಸುತ್ತೇನೆ, ವ್ಯಾನಿನ ಮಕ್ಕಳು ಬಂದು ನೋಡಲಿ ಎಂದು ಹಠ ಹುಟ್ಟಿತು. ಅಲ್ಲಿಂದ ಶುರುವಾಯಿತು ನೆಂಟರಾಟ.

ದಿನಾ ಹತ್ತೂವರೆಗೆ ಆಟ. ಒಂದು ಮಗು ನೆಂಟರು, ಒಂದು ಮಗು ಮನೆಯವರು. ನೆಂಟರು ಗೇಟಿನಿಂದ ಬಂದು ಚಪ್ಪಲಿಯನ್ನು ಜೋಡಿಸಿ ಬಿಡಬೇಕು. ಮನೆಯವರು ಬಾಗಿಲಿಗೆ ಬಂದು, "ಬನ್ನಿ, ಬನ್ನಿ, ಕೂತ್ಕೊಳ್ಳಿ" ಎನ್ನಬೇಕು. ನೆಂಟರು ನನ್ನ ಕುರ್ಚಿಯಲ್ಲಿ ಕೂರಬೇಕು. ಬೆಲ್ಲ ನೀರು ಕೊಟ್ಟು, ಮನೆಯಲ್ಲಿ ಎಲ್ಲರೂ ಹುಷಾರಾ ಎಂದು ಕೇಳಬೇಕು. ನೆಂಟರು ಕೂತು ಬೆಲ್ಲ ಬಾಯಿಗೆ ಹಾಕುವ ತನಕ ಮನೆಯವರು ಅಲ್ಲಿಂದ ಕದಲುವಂತಿಲ್ಲ. ಏಳುವಾಗ ನೆಂಟರು "ಬರ್ತೀನಿ" ಎನ್ನಬೇಕು, ಮನೆಯವರು ಗೇಟಿನ ತನಕ ಹೋಗಿ ಕಳಿಸಿ ಬರಬೇಕು.

ಮೊದಲ ವಾರ ನಗು ತಡೆಯಲಾಗಲಿಲ್ಲ. ಒಬ್ಬ "ಕೂತ್ಕೊಳ್ಳಿ" ಎಂದು ಪೊಲೀಸಿನವರ ಹಾಗೆ ಗದರಿಸಿದ. ಇನ್ನೊಬ್ಬ ಬೆಲ್ಲ ತಿಂದು "ಬರ್ತೀನಿ" ಎಂದವನು ಗೇಟು ಮುಟ್ಟಿ ಮತ್ತೆ ಬಂದ, ಹೀಗೆ ಐದು ಸಲ ನೆಂಟನಾದ. ಆದರೆ ಮಕ್ಕಳಿಗೆ ಒಂದು ಸಲ ಹಿಡಿಸಿದರೆ ಮುಗಿಯಿತು. ತಿಂಗಳೊಳಗೆ ತೂಕ ನೋಡಲು ಬಂದ ನರ್ಸಮ್ಮನನ್ನು ನಾಲ್ಕು ವರ್ಷದ ಮಗುವೊಂದು ಕೈ ಹಿಡಿದು ಕರೆತಂದು ಕೂರಿಸಿ, "ನಿಮ್ಮ ಮನೇಲಿ ದನಕರು ಎಲ್ಲ ಹುಷಾರಾ?" ಎಂದು ಕೇಳಿತು. ಆ ನರ್ಸಮ್ಮನಿಗೆ ದನವೂ ಇರಲಿಲ್ಲ, ಕರುವೂ ಇರಲಿಲ್ಲ. ತೀರ್ಥಹಳ್ಳಿಯ ಮೀಟಿಂಗಿನಲ್ಲಿ ಅವರು ಈ ಕಥೆ ಹೇಳಿದರಂತೆ. ಹೊಸನಗರದಲ್ಲಿರುವ ನನ್ನ ನಾದಿನಿಗೂ ಅದು ಮುಟ್ಟಿ, ಅವಳು ಫೋನು ಮಾಡಿ ಕೇಳಿದಳು. ನಾನು ವಾರವಿಡೀ ನೆಲದ ಮೇಲೆ ಕಾಲಿಡಲಿಲ್ಲ.

ಆ ದಿನದ ನೆಂಟರು ಯಾರು ಎಂದು ಹೇಳುವವಳು ನಾನೇ. ಡಾಕ್ಟ್ರು, ಪೋಸ್ಟಿನವರು, ಸೋದರಮಾವ, ಪಂಚಾಯ್ತಿ ಮೆಂಬರು, ಮೇಷ್ಟ್ರು. ಅಮ್ಮನ ಮನೆಯ ಜಗಲಿಯಲ್ಲಿ ಕೂರುತ್ತಿದ್ದವರೆಲ್ಲ ನನ್ನ ಪಟ್ಟಿಯಲ್ಲಿದ್ದರು. ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಿದ್ದವರು ಯಾರೂ ಇರಲಿಲ್ಲ. ಅದು ನನಗೆ ಹೊಳೆಯಲೂ ಇಲ್ಲ.

ನಮ್ಮ ಸಹಾಯಕಿಯ ವಿಷಯ ಹೇಳಬೇಕು. ನನಗಿಂತ ಹದಿನೈದು ವರ್ಷ ದೊಡ್ಡವರು. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಅಡಿಗೆ ಮಾಡುವುದು, ಚಡ್ಡಿ ಒದ್ದೆಯಾದರೆ ತೊಳೆಯುವುದು ಎಲ್ಲ ಅವರೇ. ಆಟದ ಬೆಲ್ಲವನ್ನೂ ಅವರೇ ಸಣ್ಣ ಚೂರು ಮಾಡಿ ಡಬ್ಬಿಗೆ ಹಾಕಿಡುತ್ತಿದ್ದರು. ಅವರ ಅತ್ತೆಯ ಕಾಲದಿಂದಲೂ ಅವರ ಮನೆಯವರು ಊರಿನ ದೊಡ್ಡ ಮನೆಯ ಗದ್ದೆ ಕೆಲಸಕ್ಕೆ ಹೋದವರು. ಎಂಟು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೆವು. ಅವರು ನನಗೆ "ಬನ್ನಿ ಅಕ್ಕೋರೆ" ಎನ್ನುತ್ತಿದ್ದರು, ನಾನು ಅವರಿಗೆ "ಬಾರೇ ಇಲ್ಲಿ" ಎನ್ನುತ್ತಿದ್ದೆ. ಅದನ್ನು ಸಲಿಗೆ ಎಂದುಕೊಂಡಿದ್ದೆ.

ದೊಡ್ಡ ಮನೆಯ ಮೊಮ್ಮಗಳೂ ನಮ್ಮಲ್ಲಿಗೇ ಬರುತ್ತಿದ್ದಳು. ನಾಲ್ಕೂವರೆ ವರ್ಷ. ಆ ಮನೆಯ ಮಗು ವ್ಯಾನು ಹತ್ತದೆ ಅಂಗನವಾಡಿಗೆ ಬರುತ್ತದೆ ಎನ್ನುವುದೇ ನನಗೊಂದು ಬಿರುದು. ಅವಳು ಬರುತ್ತಾಳೆಂದು ಆ ಕೇರಿಯ ಇನ್ನಿಬ್ಬರು ಮಕ್ಕಳೂ ಬರುತ್ತಿದ್ದರು. ನೆಂಟರಾಟದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಒಂದು ಸೋಮವಾರ ಸಹಾಯಕಿ ಬಂದವರು ನನ್ನ ಮುಖ ನೋಡದೆ ಅಡಿಗೆಮನೆ ಸೇರಿದರು. ಏನಾಯಿತು ಎಂದು ಎರಡು ಸಲ ಕೇಳಿದ ಮೇಲೆ ಹೇಳಿದರು. ಹಿಂದಿನ ದಿನ ಸೊಪ್ಪಿನ ಬೀಜ ಕೇಳಲು ದೊಡ್ಡ ಮನೆಗೆ ಹೋಗಿ, ಯಾವತ್ತಿನ ಹಾಗೆ ಅಂಗಳದಲ್ಲಿ ನಿಂತಿದ್ದರಂತೆ. ಒಳಗಿಂದ ಮಗು ಓಡಿ ಬಂದು, "ಬನ್ನಿ, ಬನ್ನಿ, ಕೂತ್ಕೊಳ್ಳಿ" ಎಂದು ಕೈ ಹಿಡಿದು ಮೆಟ್ಟಿಲು ಹತ್ತಿಸಿ ಜಗಲಿಗೆ ಕರೆದುಕೊಂಡು ಹೋಗಿ, ಅಜ್ಜನ ಕುರ್ಚಿಯ ಮುಂದೆ ನಿಲ್ಲಿಸಿತಂತೆ. ತಟ್ಟೆಯಲ್ಲಿ ಬೆಲ್ಲ ತಂದಿತಂತೆ.

"ನಾ ಕೂರ್ಲಿಲ್ಲ ಅಕ್ಕೋರೆ. ಕೂರ್ದಿದ್ರೆ ಮಗು ಬಿಡಾದಿಲ್ಲ, ಅಳಕ್ಕೆ ಶುರು ಮಾಡ್ತು. ಕೊನೆಗೆ ಕುರ್ಚಿ ತುದೀಲಿ ಒಂಚೂರು ಕೂತೆ. ಅಷ್ಟೊತ್ತಿಗೆ ಒಡೇರು ಹೊರಗೆ ಬಂದ್ರು. ಎಂತ ಹೇಳ್ಲಿಲ್ಲ. ಸುಮ್ನೆ ನೋಡಿದ್ರು. ಬೀಜನೂ ಕೇಳ್ದೆ ಬಂದೆ."

ಹನ್ನೊಂದು ಗಂಟೆಗೆ ಆ ಒಡೆಯರು, ಮಗುವಿನ ಅಜ್ಜನೇ ಬಂದರು. ಕೆಟ್ಟ ಮನುಷ್ಯರಲ್ಲ. ಅಂಗನವಾಡಿಗೆ ಜಾಗ ಕೊಟ್ಟವರು ಅವರೇ, ಮಳೆಗಾಲದಲ್ಲಿ ಹೆಂಚು ಹಾರಿದರೆ ಆಳು ಕಳಿಸುವವರೂ ಅವರೇ. ಬಾಗಿಲ ಹೊರಗೆ ನಿಂತು, ಮಕ್ಕಳಿಗೆ ಕೇಳದ ಹಾಗೆ ಮೆಲ್ಲಗೆ ಮಾತಾಡಿದರು.

"ಅಕ್ಕೋರೆ, ಆಟದಲ್ಲಿ ಎಲ್ಲರೂ ನೆಂಟರೇ, ಸರಿ. ಮನೇಲಿ ಹಂಗಾಗಲ್ಲ. ಯಾರಿಗೆ ಜಗಲಿ, ಯಾರಿಗೆ ಅಂಗಳ ಅಂತ ಮಗೂಗೆ ಗೊತ್ತಿರ್ಬೇಕು. ಅದನ್ನೂ ಕಲಿಸಿ. ನಿಮಗೆ ಆಗಲ್ಲ ಅಂದ್ರೆ ಬೇಜಾರಿಲ್ಲ, ಜೂನಿಂದ ವ್ಯಾನಿಗೆ ಹಾಕ್ತೀವಿ."

ಬೇರೆ ಯಾವ ವಿಷಯವಾದರೂ ನಾಲ್ಕು ಮಾತು ಆಡಿಯೇಬಿಡುವವಳು ನಾನು. ಅವತ್ತು "ನೋಡೋಣ" ಎಂದೆ. ಅಷ್ಟೇ ಹೊರಬಿದ್ದದ್ದು. ಅವಳು ಹೋದರೆ ಮೂರು ಮಕ್ಕಳು ಹೋದ ಹಾಗೆ, ಮಕ್ಕಳು ಕಡಿಮೆಯೆಂದು ಕೇಂದ್ರವನ್ನು ಪಕ್ಕದೂರಿಗೆ ಸೇರಿಸಿದರೆ ನಮ್ಮಿಬ್ಬರ ಕೆಲಸದ ಗತಿ ಏನು ಎಂದು ತಲೆಯೊಳಗೆ ಓಡುತ್ತಿತ್ತು. ಅಡಿಗೆಮನೆಯಿಂದ ಸಹಾಯಕಿ ಎಲ್ಲ ಕೇಳಿಸಿಕೊಂಡಿದ್ದರು. "ಆ ಆಟ ಬಿಟ್ಬಿಡಿ ಅಕ್ಕೋರೆ. ನನ್ನ ದೆಸೆಯಿಂದ ಮಗು ಹೋಗಾದು ಬ್ಯಾಡ," ಎಂದರು.

ನಾನು ಬಿಟ್ಟೆ. ಮರುದಿನ ಮಕ್ಕಳು ಹತ್ತೂವರೆಗೆ ಸಾಲಾಗಿ ಬಂದು ಕೂತಾಗ ಬೆಲ್ಲ ಖಾಲಿಯಾಗಿದೆ ಎಂದು ಹೇಳಿದೆ. ಒಳ್ಳೆಯ ನಡತೆ ಕಲಿಸುವ ಅಕ್ಕೋರು ಮೂರು ನಾಲ್ಕು ವರ್ಷದ ಮಕ್ಕಳ ಮುಂದೆ ಹಸಿ ಸುಳ್ಳು ಹೇಳಿದಳು.

ದೊಡ್ಡ ಮನೆಯ ಹುಡುಗಿ ಎದ್ದು ಅಡಿಗೆಮನೆಗೆ ಹೋದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ತಂದು ನನ್ನ ಮುಂದಿಟ್ಟಳು. ತುಂಬಿತ್ತು. "ಅಕ್ಕೋರೆ, ಬೆಲ್ಲ ಇದೆ," ಎಂದಳು. ಆಮೇಲೆ ಅಡಿಗೆಮನೆಯಲ್ಲಿದ್ದ ಸಹಾಯಕಿಯ ಕಡೆ ಕೈ ತೋರಿಸಿದಳು. "ಇದನ್ನ ಚೂರು ಮಾಡಾದು ಅವರು. ನೀವು ಅವರಿಗೆ ಒಂದಿನಾನೂ ಯಾಕೆ ಕೊಡಲ್ಲ?"

ಅಡಿಗೆಮನೆಯ ಹೊಸಿಲ ಕಡೆಗೆ ನೋಡಿದೆ. ಎಂಟು ವರ್ಷ ಅವರು ಮಧ್ಯಾಹ್ನದ ಊಟ ಮಾಡಿದ್ದು ಅಲ್ಲೇ, ನೆಲದ ಮೇಲೆ. ನಾನು ಕುರ್ಚಿಯ ಮೇಲೆ. ಹಾಗೆಂದು ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅಜ್ಜ ಬಾಯಿಬಿಟ್ಟು ಕೇಳಿದ್ದನ್ನು ನಾನು ಕೇಳದೆಯೇ ನಡೆಸಿಕೊಂಡು ಬಂದಿದ್ದೆ. ಅವರ ಮೇಲೆ ಬಂದಿದ್ದ ಸಿಟ್ಟೆಲ್ಲ ಅವತ್ತು ನನ್ನ ಮೇಲೇ ತಿರುಗಿತು. ನಾಚಿಕೆಯಿಂದ ಮಧ್ಯಾಹ್ನ ಊಟ ಸೇರಲಿಲ್ಲ.

ಮಾರನೆಯ ದಿನ ಮಕ್ಕಳಿಗೆ ಹೇಳಿದೆ, ಇವತ್ತು ಮನೆಯವರು ನಾನು. ಸಹಾಯಕಿಯನ್ನು ಗೇಟಿನಿಂದ ಬರಲು ಹೇಳಿದೆ. ಅವರು ಬೇಡ ಬೇಡ ಎಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ನಿಂತರು. ಮಕ್ಕಳು ಬಿಡಲಿಲ್ಲ, ಇಬ್ಬರು ಹೋಗಿ ಕರೆತಂದರು. ನಾನು ಬಾಗಿಲಲ್ಲಿ ನಿಂತೆ. ದಿನಾ ಕಲಿಸುವ ಮಾತು, ಬಾಯಿಗೆ ಬರಲೊಲ್ಲದು. ಎಂಟು ವರ್ಷ ಬಾರೇ ಎಂದ ನಾಲಿಗೆ ಅದು. "ಬ" ಎಂದು ಅಲ್ಲೇ ನಿಂತುಬಿಟ್ಟಿತು.

ಮಕ್ಕಳೆಲ್ಲ ಒಟ್ಟಿಗೆ ಹೇಳಿಕೊಟ್ಟವು. "ಬನ್ನಿ, ಬನ್ನಿ, ಕೂತ್ಕೊಳ್ಳಿ ಅನ್ಬೇಕು ಅಕ್ಕೋರೆ."

ಅಂದೆ. ಅವರು ಬಂದರು. ಕುರ್ಚಿಯನ್ನು ಒಂದು ಸಲ ಮುಟ್ಟಿ ನೋಡಿ, ಆಮೇಲೆ ಪೂರ್ತಿ ಹಿಂದಕ್ಕೆ ಸರಿದು ಕೂತರು. ಬೆಲ್ಲ ಬಾಯಿಗೆ ಹಾಕಿಕೊಂಡರು, ನೀರು ಕುಡಿದರು. ಮನೆಯಲ್ಲಿ ಎಲ್ಲರೂ ಹುಷಾರಾ ಎಂದು ಕೇಳಿದೆ. ಸೊಸೆಗೆ ಏಳು ತಿಂಗಳು, ಕಾಲು ಊದಿಕೊಂಡಿದೆ ಎಂದರು. ಊರಿನ ಬಸುರಿಯರ ಹೆಸರನ್ನೆಲ್ಲ ಬರೆದಿಡುವವಳು ನಾನು. ಆ ಸೊಸೆಯ ಹೆಸರೂ ನನ್ನ ಪುಸ್ತಕದಲ್ಲಿತ್ತು, ತಿಂಗಳು ತಿಂಗಳು ತೂಕವನ್ನೂ ಬರೆದಿದ್ದೆ. ಆದರೆ ಅವರ ಮನೆಯ ಸಮಾಚಾರವನ್ನು ಅವರಿಂದಲೇ ಕೂರಿಸಿಕೊಂಡು ಕೇಳಿದ್ದು ಅದೇ ಮೊದಲು.

ಅಜ್ಜನಿಗೆ ನಾನೇ ಹೋಗಿ ಹೇಳಿ ಬಂದೆ. ಅಂಗಳ ಯಾರಿಗೆ ಎನ್ನುವುದನ್ನು ನನಗೆ ಕಲಿಸಲು ಬರುವುದಿಲ್ಲ, ಕ್ಷಮಿಸಿ ಎಂದೆ. ಅವರು ತಲೆಯಾಡಿಸಿದರು. ಜೂನಿನಲ್ಲಿ ಮಾತಿನಂತೆ ಮಗುವನ್ನು ವ್ಯಾನಿಗೆ ಹಾಕಿದರು. ಆ ಕೇರಿಯ ಇನ್ನಿಬ್ಬರೂ ಹೋದರು. ಕೇಂದ್ರ ಮುಚ್ಚಲಿಲ್ಲ, ಬೇರೆ ಕಡೆಯಿಂದ ಹೊಸ ಮಕ್ಕಳು ಸೇರಿದರು. ಎರಡನೇ ಕುರ್ಚಿಯನ್ನು ನಾನು ಮನೆಯಿಂದ ತಂದು ಹಾಕಿದೆ, ಈಗ ನಾವಿಬ್ಬರೂ ಎದುರುಬದುರು ಕೂತು ಊಟ ಮಾಡುತ್ತೇವೆ. ಆದರೂ ಆ ಹುಡುಗಿ ಹೋದದ್ದು ನನ್ನನ್ನು ಬಿಡದೆ ಕೊರೆಯಿತು. ಎಳೆಯ ಮಗು, ಮನೆಯ ದೊಡ್ಡವರು ದಿನಾ ತಿದ್ದಿದರೆ ತಿದ್ದಿಕೊಳ್ಳದೆ ಇರುತ್ತದೆಯೇ? ನಾನು ಕಲಿಸಿದ್ದು ಒಂದು ವರ್ಷ, ಅವರಿಗೆ ಪೂರಾ ಆಯುಷ್ಯವಿದೆ. ಅವಳಿಗೂ ಈಗ ಜಗಲಿ ಯಾರಿಗೆ, ಅಂಗಳ ಯಾರಿಗೆ ಎಂದು ಗೊತ್ತಾಗಿರುತ್ತದೆ ಎಂದುಕೊಂಡೆ.

ಈ ವರ್ಷ ದೊಡ್ಡ ಮನೆಯಲ್ಲಿ ಇನ್ನೊಂದು ಮಗು ಹುಟ್ಟಿತು. ಹೊಸ ಮಗುವಿನ ವಿವರ ಬರೆದುಕೊಳ್ಳಲು ಒಂದು ಭಾನುವಾರ ಬೆಳಿಗ್ಗೆ ನಾನು ಹೋಗಬೇಕಾಯಿತು. ಸಹಾಯಕಿಯೂ ಜೊತೆಗಿದ್ದರು. ಅಂಗಳಕ್ಕೆ ಬರುತ್ತಿದ್ದ ಹಾಗೆ ಅವರು ಹಳೆಯ ಅಭ್ಯಾಸದಂತೆ ನಿಂತುಬಿಟ್ಟರು. ನಾನೂ ನಿಂತೆ. ಅವರನ್ನು ಬಿಟ್ಟು ಮೆಟ್ಟಿಲು ಹತ್ತುವುದಿಲ್ಲ ಎಂದು ದಾರಿಯಲ್ಲೇ ತೀರ್ಮಾನಿಸಿದ್ದೆ.

ಅಜ್ಜ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ತಲೆಯೆತ್ತಿ ನೋಡಿದರು. ಆಮೇಲೆ ಅವರು ಪೇಪರು ಮಡಚಿ, ಪಕ್ಕದ ಕುರ್ಚಿಯ ಮೇಲಿದ್ದ ಟವೆಲನ್ನು ತೆಗೆದು ಹೆಗಲಿಗೆ ಹಾಕಿಕೊಂಡರು.

"ಇಬ್ಬರೂ ಮೇಲೆ ಬನ್ನಿ," ಎಂದರು. ಮುಖದಲ್ಲಿ ನಗುವೇನೂ ಇರಲಿಲ್ಲ. "ಅಂಗಳದಲ್ಲಿ ನಿಂತ್ರೆ ನನಗೆ ತಾಪತ್ರಯ. ಎರಡು ವರ್ಷ ಆಯ್ತು, ಯಾರನ್ನ ನಿಲ್ಲಿಸಿ ಕಳಿಸಿದ್ರೂ ನಮ್ಮ ಮನೇಲಿ ಒಬ್ಬಳು ಅವತ್ತು ಊಟ ಮಾಡಲ್ಲ. ಹೊಡೆದು ನೋಡಿದ್ವಿ, ಬೈದು ನೋಡಿದ್ವಿ. ಇನ್ನು ಎಂತ ಮಾಡಾದು."

ಹತ್ತಿದೆವು. ಕೂತೆವು. ಸಹಾಯಕಿ ಕುರ್ಚಿಯ ಹಿಂದಕ್ಕೆ ಒರಗಲಿಲ್ಲ, ಆದರೆ ತುದಿಯಲ್ಲೂ ಕೂರಲಿಲ್ಲ. ಒಳಗಿಂದ ಹುಡುಗಿ ಬಂದಳು. ಉದ್ದವಾಗಿದ್ದಳು, ಮುಂದಿನ ಎರಡು ಹಲ್ಲು ಬಿದ್ದಿದ್ದವು. ತಟ್ಟೆಯಲ್ಲಿ ಎರಡು ಚೂರು ಬೆಲ್ಲ, ಎರಡು ಲೋಟ ನೀರು. ನಾನು ಅವಳ ಅಕ್ಕೋರು, ಊರಿಗೇ ಅಕ್ಕೋರು. ಕೈ ಮುಂದೆ ಚಾಚಿಯೇಬಿಟ್ಟಿದ್ದೆ.

ಅವಳು ನನ್ನನ್ನು ನೋಡಿ ನಕ್ಕಳು, ನನ್ನನ್ನು ದಾಟಿ ಹೋಗಿ ತಟ್ಟೆಯನ್ನು ಮೊದಲು ಸಹಾಯಕಿಯ ಮುಂದೆ ಹಿಡಿದಳು. ಬಂದವರಲ್ಲಿ ವಯಸ್ಸಿನಲ್ಲಿ ದೊಡ್ಡವರು ಅವರೇ ತಾನೆ. ಅದನ್ನು ನಾನು ಅವಳಿಗೆ ಕಲಿಸಿರಲಿಲ್ಲ.

ಆಮೇಲೆ ನನಗೆ ಕೊಟ್ಟಳು. ಎರಡನೆಯವಳಾಗಿ ಬೆಲ್ಲ ತಿಂದು ನಾನು ಅಷ್ಟು ಬೀಗಿದ್ದು ಜೀವನದಲ್ಲಿ ಅದೊಂದೇ ಸಲ.