ನೀಲಿ ಮೇಕೆಮರಿಯನ್ನು ಹಾರಿಸುವ ಕೈ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಫೀಸಿನ ಮೂರನೇ ಮಹಡಿಯ ಕೋಣೆಯಲ್ಲಿ ದೊಡ್ಡ ಟಿವಿಯೊಂದೇ ಬೆಳಗುತ್ತಿದೆ. ಕಿತ್ತಳೆ ಬಣ್ಣದ ಆಕಾಶ, ನೇರಳೆ ಗುಡ್ಡಗಳು, ಗುಡ್ಡದಿಂದ ಗುಡ್ಡಕ್ಕೆ ಹಾರಬೇಕಾದ ಒಂದು ನೀಲಿ ಮೇಕೆಮರಿ. ಚಪ್ಪಲಿ ಬಿಟ್ಟು ನಿಂತ ನಲವತ್ತರ ಆಸುಪಾಸಿನ ಹೆಂಗಸು ಕೈಯಲ್ಲಿರುವ ಕಂಟ್ರೋಲರನ್ನು ಮೇಲಕ್ಕೆ ಬೀಸುತ್ತಾರೆ. ಮೇಕೆ ಹಾರುತ್ತದೆ. ಮತ್ತೆ ಬೀಸುತ್ತಾರೆ. ಮೇಕೆ ಹಳ್ಳಕ್ಕೆ ಬೀಳುತ್ತದೆ. "ಬಿದ್ಯಾ? ಬೀಳು, ಬೀಳು. ಇಲ್ಲೇ ಬಿದ್ಬಿಟ್ರೆ ಒಳ್ಳೇದು ಕಣೋ" ಎಂದು ಅದಕ್ಕೆ ಸಮಾಧಾನ ಹೇಳುತ್ತಾರೆ.

ವಿಡಿಯೊ ಗೇಮ್‌ಗಳು ಅಂಗಡಿಗೆ ಬರುವ ಮೊದಲು ಆಡಿ ನೋಡಿ, ಎಲ್ಲಿ ಎಡವಟ್ಟಿದೆ ಎಂದು ಹೇಳುವುದು ಇವರ ಕೆಲಸ. ಇದು ಬರೀ ಗುಂಡಿ ಒತ್ತಿ ಆಡುವ ಆಟವಲ್ಲ. ಆಡುವವರು ಕೈ ಎತ್ತಿದರೆ ಮಾತ್ರ ಮೇಕೆ ಹಾರುತ್ತದೆ. ದಿನಕ್ಕೆ ಸಾವಿರ ಸಲವಾದರೂ ಕೈ ಎತ್ತುವ ಇವರನ್ನು ಜೊತೆಯವರು ಕರೆಯುವುದು 'ಮೇಕೆ ಮೇಡಂ' ಎಂದು. "ಆಟ ಆಡೋಕೂ ಸಂಬಳಾನಾ ಅಂತಾರೆ ಜನ. ಒಂದೇ ಹಳ್ಳಕ್ಕೆ ಒಂದು ವಾರ ಬಿದ್ದು ನೋಡ್ಲಿ, ಗೊತ್ತಾಗುತ್ತೆ" ಎಂದು ನಗುತ್ತಾರೆ.

ಮನೆಯಲ್ಲಿರುವುದು ಇವರು ಮತ್ತು ಅಕ್ಕ, ಇಬ್ಬರೇ. ತಾನು ಪರೀಕ್ಷಿಸಿದ ಪ್ರತಿ ಆಟವನ್ನೂ ಬಿಡುಗಡೆಯ ದಿನವೇ ಮನೆಗೆ ತಂದು ಅಕ್ಕನ ಜೊತೆ ಆಡುವುದು ಇವರ ಪದ್ಧತಿಯಾಗಿತ್ತು. ಕೀಲುವಾತ ಬಂದ ಮೇಲೆ ಅಕ್ಕನ ಎರಡೂ ತೋಳುಗಳು ಎದೆಯ ಮಟ್ಟಕ್ಕೂ ಏರುತ್ತಿಲ್ಲ. ಇಬ್ಬರೂ ಆಡುತ್ತಿದ್ದ ಕನ್ಸೋಲ್, ಟಿವಿಗೆ ಜೋಡಿಸುವ ಆ ಆಟದ ಪೆಟ್ಟಿಗೆ, ಈಗ ಬಟ್ಟೆ ಹೊದ್ದು ಕಪಾಟಿನಲ್ಲಿ ಕೂತಿದೆ.

ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. "ಆಡ್ತಾ ಆಡ್ತಾ ನಮ್ಮ ಕೈ ಜಾಣ ಆಗ್ಬಿಡುತ್ತೆ. ಕಷ್ಟ ಯಾವುದು, ಸುಲಭ ಯಾವುದು ಅಂತ ತಿಳಿಯೋದೇ ಇಲ್ಲ" ಎನ್ನುತ್ತಾರೆ ಮೇಡಂ. ಈ ಆಟದ ಜಿಗಿತವನ್ನು ಅವರೂ 'ಸುಲಭ' ಎಂದೇ ಪಾಸು ಮಾಡಿದ್ದರು. ಮರುದಿನ ಬೆಳಿಗ್ಗೆ ಅಕ್ಕನ ತಲೆ ಬಾಚುತ್ತಿದ್ದಾಗ, ಕ್ಲಿಪ್ಪಿಗೆಂದು ಚಾಚಿದ ಅಕ್ಕನ ಕೈ ಅರ್ಧಕ್ಕೇ ನಿಂತಿತು. ಆಫೀಸಿಗೆ ಬಂದವರೇ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಕೂತು ಆಡಿದರು. ಮೇಕೆ ನೆಲ ಬಿಟ್ಟು ಏಳಲೇ ಇಲ್ಲ.

ಕೈ ಸ್ವಲ್ಪವೇ ಎತ್ತಿದರೂ ಮೇಕೆ ಹಾರುವಂತೆ ಮಾಡಿ ಎಂದು ಕೇಳಿದರೆ ತಂಡದ ಮುಖ್ಯಸ್ಥರು ಒಪ್ಪಲಿಲ್ಲ. "ಅಷ್ಟು ಅಲ್ಲಾಡಿಸಿದ್ದಕ್ಕೇ ಹಾರಿದ್ರೆ, ಆಡೋರು ಸೀನಿದ್ರೂ ಮೇಕೆ ಹಾರುತ್ತೆ ಮೇಡಂ."

"ಸೀನಿದ್ರೆ ನಾವೂ ಒಂದು ಗೇಣು ಹಾರ್ತೀವಲ್ಲ ಸಾರ್!"

ಹಗ್ಗಜಗ್ಗಾಟದ ಕೊನೆಗೆ ಮುಖ್ಯಸ್ಥರೇ ಒಂದು ದಾರಿ ಹುಡುಕಿದರು: ಆಟ ಶುರುವಾಗುವಾಗ ಆಡುವವರು ಕೈ ಎಷ್ಟು ಏರುತ್ತದೋ ಅಷ್ಟು ಎತ್ತಿ ತೋರಿಸಬೇಕು, ಆಟ ಅದನ್ನೇ ಅವರ ಪೂರ್ತಿ ಜಿಗಿತ ಎಂದು ಒಪ್ಪಿಕೊಳ್ಳಬೇಕು. ಅದರ ಪರೀಕ್ಷೆ ಇವತ್ತು. ಕೈಕೊಟ್ಟರೆ ಹಳೆಯ ಜಿಗಿತವೇ ಕಾಯಂ. ನಾಳೆಯಿಂದ ಯಾವ ಬದಲಾವಣೆಗೂ ಅವಕಾಶವಿಲ್ಲ.

ಮೇಡಂ ದುಪಟ್ಟಾದಿಂದ ತಮ್ಮ ತೋಳುಗಳನ್ನು ಮೈಗೆ ಬಿಗಿಸಿಕೊಂಡು ಕುರ್ಚಿಯಲ್ಲಿ ಕೂರುತ್ತಾರೆ. ಮುಂಗೈ ಗೇಣುದ್ದ ಏರುತ್ತದೆ. ಮೇಕೆ ಹಾರಿ ಆಚೆ ಗುಡ್ಡದ ಮೇಲೆ ಇಳಿಯುತ್ತದೆ. ಇನ್ನೊಂದು ಗುಡ್ಡ, ಮತ್ತೊಂದು. ಹಿಂದೆ ನಿಂತ ಮುಖ್ಯಸ್ಥರು ಪರದೆಯತ್ತ ಬಾಗುತ್ತಾರೆ. ಕೊನೆಯ ಅಗಲವಾದ ಹಳ್ಳಕ್ಕೆ ಮೇಕೆ ದೊಪ್ಪನೆ ಬೀಳುತ್ತದೆ.

"ಇದನ್ನೂ ಸ್ವಲ್ಪ ಸಡಿಲ ಮಾಡೋಣ್ವಾ?" ಎನ್ನುತ್ತಾರೆ ಮುಖ್ಯಸ್ಥರು, ಅಳುಕುತ್ತಾ.

"ಬೇಡ ಸಾರ್. ಇಲ್ಲಿ ಎಲ್ರೂ ಬೀಳ್ತಾರೆ. ಅಕ್ಕಾನೂ ಬೀಳ್ಲಿ."

ಮುಖ್ಯಸ್ಥರು ಹೆಬ್ಬೆರಳು ಎತ್ತುತ್ತಾರೆ. ಬದಲಾವಣೆ ಉಳಿಯುತ್ತದೆ.

ಬಿಡುಗಡೆಗೆ ಇನ್ನೂ ತಿಂಗಳುಗಳಿವೆ. ಅಲ್ಲಿಯವರೆಗೆ ಆಟದ ಬಗ್ಗೆ ಮನೆಯಲ್ಲೂ ತುಟಿ ಪಿಟಕ್ಕೆನ್ನುವಂತಿಲ್ಲ. ಇವತ್ತು ಏನು ಮಾಡಿದೆ ಎಂದು ಅಕ್ಕ ಕೇಳಿದರೆ "ಕೈ ಬೀಸಿದೆ" ಎನ್ನುವುದಷ್ಟೇ ಉತ್ತರ. ಆಟದ ಕೊನೆಯಲ್ಲಿ ತಮ್ಮ ಹೆಸರು ಬಂದರೆ ಖುಷಿಯೇ ಎಂದು ಕೇಳಿದರೆ ಅದಲ್ಲ ಎಂಬಂತೆ ತಲೆ ಅಲ್ಲಾಡಿಸುತ್ತಾರೆ.

"ತಲೆ ಬಾಚಿದ್ರೆ ಥ್ಯಾಂಕ್ಸ್, ನೀರು ಕೊಟ್ರೆ ಥ್ಯಾಂಕ್ಸ್. ಈಗೀಗ ಅಕ್ಕ ನನ್ನನ್ನ ಹೊರಗಿನವಳ ಥರ ನೋಡ್ತಾಳೆ. ಜೊತೆಗೆ ಕೂತು ಆಡ್ಬೇಕು, ಅವಳು ಆ ಹಳ್ಳಕ್ಕೆ ಬೀಳ್ಬೇಕು. 'ನಿನ್ನಿಂದಾನೇ ಕಣೇ ಸೋತಿದ್ದು, ಕತ್ತೆ' ಅಂತ ಒಂದ್ಸಲ ನನ್ನನ್ನ ಚೆನ್ನಾಗಿ ಬೈಬೇಕು. ಅಷ್ಟೇ."