ಹುಳ ಸಾಕಿದ ಮೇಡಂ

ಮೊನ್ನೆ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಮೊದಲು ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ತಣ್ಣನೆಯ, ಮೂಗಿಗೆ ಹತ್ತುವ ವಾಸನೆ... ಸೂಜಿ ಚುಚ್ಚಿದ್ದೂ ತಿಳಿಯಲಿಲ್ಲ. ಮಲ್ಲಂದೂರಿನ ನಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದ ಮೇಡಂ ನೆನಪಾದರು. ಅವರ ಕೈ, ಸೆರಗು, ಕೊನೆಗೆ ಊಟದ ತಟ್ಟೆಗೂ ಅದೇ ವಾಸನೆ.

ತೊಂಬತ್ತರ ದಶಕ ಅದು. ಕಾಫಿಹಣ್ಣು ಕೊರೆಯುವ ಬೆರ್ರಿ ಬೋರರ್ ನಮ್ಮ ಕಡೆಯ ತೋಟಗಳಿಗೆ ಹೊಸದಾಗಿ ಬಂದಿತ್ತು. ಎಳ್ಳುಕಾಳಿನಷ್ಟು ಕಪ್ಪು ಹುಳ. ಹಣ್ಣಿನ ತುದಿಯಲ್ಲಿ ಸಣ್ಣ ತೂತು ಕೊರೆದು ಒಳಗೇ ಸಂಸಾರ ಹೂಡುತ್ತಿತ್ತು. ಎಲ್ಲರೂ ಅದನ್ನು ಕೊಲ್ಲುವ ದಾರಿ ಹುಡುಕುತ್ತಿದ್ದರೆ, ಬಯಲುಸೀಮೆಯಿಂದ ಬಂದ ಈ ವಿಜ್ಞಾನಿ ಅದನ್ನು ಗಾಜಿನ ನಳಿಕೆಗಳಲ್ಲಿ ಸಾಕುತ್ತಿದ್ದರು. ಊರವರು ‘ಹುಳದ ಮೇಡಂ’ ಎಂದೇ ಕರೆದರು.

ಅವರನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ. ಕಾಫಿಬೀಜದ ಕೆಫೀನ್ ಬೇರೆ ಹುಳಗಳಿಗೆ ವಿಷ. ಇದೊಂದು ಹುಳ ಅದನ್ನೇ ತಿಂದು ಹೇಗೆ ಬದುಕುತ್ತದೆ? ಹುಳದ ಹೊಟ್ಟೆಯಲ್ಲಿ ಜೊತೆಗಾರರಂತೆ ಬಾಳುವ ಬ್ಯಾಕ್ಟೀರಿಯಾಗಳೇ ಆ ವಿಷ ಅರಗಿಸುತ್ತವೆ ಎಂಬುದು ಅವರ ಗುಮಾನಿ. ಅದನ್ನು ತೋರಿಸಬೇಕೆಂದರೆ ಬ್ಯಾಕ್ಟೀರಿಯಾ ಇಲ್ಲದ ಹುಳಗಳನ್ನು ಬೆಳೆಸಬೇಕು. ಮೊದಲ ಮಳೆಗಾಲದಲ್ಲಿ ನಳಿಕೆಗಳಿಗೆ ಬೂಷ್ಟು ಹಿಡಿದು ಹುಳಗಳೆಲ್ಲ ಸತ್ತವು. ಮರುವರ್ಷ ತೇವ ತಡೆಯಲು ಕೋಣೆಯಲ್ಲಿ ಕೆಂಡ ಇಟ್ಟರು. ಬಿಸಿ ಹೆಚ್ಚಾಗಿ ಮತ್ತೆ ಸತ್ತವು. ನಾನು ಕಾಫಿ ತೆಗೆದುಕೊಂಡು ಹೋದಾಗ ಒಬ್ಬರೇ ಸ್ಪಿರಿಟ್ ಹಾಕಿ ನಳಿಕೆ ತೊಳೆಯುತ್ತಿದ್ದರು. ಕಣ್ಣು ಕೆಂಪಾಗಿತ್ತು.

“ಸಾಕು ಬಿಡಿ ಮೇಡಂ, ಸ್ವಲ್ಪ ದಿನ ಊರಿಗೆ ಹೋಗಿ ಬನ್ನಿ” ಎಂದೆ.

“ಇಲ್ಲ ಅಕ್ಕಾ. ಈ ಸಲ ಯಾಕೆ ಸತ್ವು ಅಂತ ಗೊತ್ತಾಗಿದೆ. ಈಗ ಹೋಗೋಕಾಗಲ್ಲ.”

ಅವರಿಗೆ ಔಷಧಿ ತಾಗದ ಹುಳ ಬೇಕಿತ್ತು. ನಾವು ಕೆಳಗಿನ ಸ್ವಲ್ಪ ತೋಟಕ್ಕೆ ಸಿಂಪಡಣೆ ನಿಲ್ಲಿಸಿದೆವು. ಪಕ್ಕದ ತೋಟದ ಗೌಡರು ಬೇಲಿ ದಾಟಿಯೇ ಬಂದರು.

“ಎಂತ ಮೇಡಂ ಇದು? ನೀವಿಲ್ಲಿ ಹುಳ ಸಾಕೋದು, ಅದು ಬಂದು ನಮ್ ತೋಟ ತಿನ್ನೋದಾ? ನಾಳೆ ಆಳು ಕಳ್ಸಿ ನಾನೇ ಔಷಧಿ ಹೊಡೆಸ್ತೀನಿ.”

ಮೇಡಂ ಹೆದರಲಿಲ್ಲ. “ಬೇಲಿ ಪಕ್ಕದ ಸಾಲಲ್ಲಿ ಒಂದು ಹಣ್ಣೂ ನೆಲದ ಮೇಲೆ ಉಳಿಯದ ಹಾಗೆ ನಾನು ನೋಡ್ಕೊಳ್ತೀನಿ ಗೌಡ್ರೇ. ಇದೊಂದು ಕೊಯ್ಲು ಬಿಟ್ಟುಕೊಡಿ.”

ಉದುರಿದ ಹಣ್ಣಿನಲ್ಲಿ ಉಳಿದ ಹುಳವೇ ಮುಂದಿನ ಫಸಲಿಗೆ ಹಾರುವುದು. ಆ ಕೊಯ್ಲಿನುದ್ದಕ್ಕೂ ಮೇಡಂ ಸೀರೆ ಎತ್ತಿಕಟ್ಟಿ, ಗಿಡಗಳ ಬುಡದಲ್ಲಿ ಮಂಡಿಯೂರಿ, ತರಗೆಲೆ ಕೆದಕಿ ಹಣ್ಣು ಹೆಕ್ಕಿದರು. ಚಗಳಿ ಇರುವೆ ಕುತ್ತಿಗೆಗೆ ಕಚ್ಚಿದರೂ ಏಳುತ್ತಿರಲಿಲ್ಲ. ಗೌಡರು ಆಚೆ ನಿಂತು ನೋಡುತ್ತಿದ್ದರು. ಅವರ ಆಳು ಬರಲೇ ಇಲ್ಲ. ಒಂದು ದಿನ ಗೌಡರೇ ತೂತುಬಿದ್ದ ಹಣ್ಣು ಬುಟ್ಟಿ ತುಂಬ ತಂದಿಟ್ಟು, “ನಮ್ ಮೇಲಿನ ಮೂಲೆದು. ಔಷಧಿ ಹೊಡೆದಿಲ್ಲ. ಇವನ್ನೂ ಸಾಕಿ” ಎಂದು ಗೊಣಗಿ ಹೋದರು.

ಆ ವರ್ಷ ಹುಳಗಳು ಉಳಿದವು. ಮದ್ದು ಬೆರೆಸಿದ ಆಹಾರ ತಿಂದು ಬ್ಯಾಕ್ಟೀರಿಯಾ ಕಳೆದುಕೊಂಡ ಹುಳಗಳ ಹಿಕ್ಕೆಯಲ್ಲಿ ಕೆಫೀನ್ ಅರಗದೆ ಹಾಗೇ ಹೊರಬಿದ್ದಿತ್ತು. ಅವುಗಳ ಮರಿಗಳು ಬೆಳೆಯಲಿಲ್ಲ. ಮೇಡಂ ಅಡುಗೆಮನೆಗೆ ಓಡಿ ಬಂದು ಹಿಟ್ಟು ಮೆತ್ತಿದ ನನ್ನ ಕೈ ಹಿಡಿದುಕೊಂಡರು.

“ಹಂಗಾರೆ ಮದ್ದು ಸಿಕ್ತಾ?” ಎಂದರು ಸುದ್ದಿ ಕೇಳಿ ಬಂದ ಗೌಡರು.

“ಇಲ್ಲ ಗೌಡ್ರೇ. ಬ್ಯಾಕ್ಟೀರಿಯಾ ಕೊಲ್ಲೋ ಔಷಧಿನ ತೋಟಕ್ಕೆ ಸುರಿಯೋಕಾಗಲ್ಲ. ಹುಳ ಹೇಗೆ ಬದುಕುತ್ತೆ ಅಂತ ಮಾತ್ರ ಗೊತ್ತಾಯ್ತು. ಇನ್ನೂ ಹುಡುಕ್ಬೇಕು.”

ಮುಂದೆ ಹುಳದ ವಂಶವಾಹಿಗಳ ಬೆನ್ನು ಹತ್ತಿದರು. ಹಣ್ಣಿನೊಳಗೆ ಹೆಣ್ಣುಗಳೇ ತುಂಬಿ, ಹಾರಲಾರದ ಗಂಡು ಎಲ್ಲೋ ಒಂದು. ಆ ಗಂಡು ತನ್ನ ತಂದೆಯ ವಂಶವಾಹಿಗಳನ್ನು ಮಕ್ಕಳಿಗೆ ದಾಟಿಸುವುದೇ ಇಲ್ಲವಂತೆ. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ಆ ಕೆಲಸಕ್ಕೆ ಬೇಕಾದ ಯಂತ್ರಗಳು ನಮ್ಮ ಹೊರಕೋಣೆಯಲ್ಲಿ ಎಲ್ಲಿಂದ ಬರಬೇಕು? ಎರಡು ಸಾವಿರದ ಇಸವಿಯ ಆಚೀಚೆ ದೊಡ್ಡ ಪ್ರಯೋಗಾಲಯಕ್ಕೆ ಹೋದರು. ಆದರೂ ಪ್ರತಿ ಕೊಯ್ಲಿಗೆ ಬಂದು ನಮ್ಮ ತೋಟದ ಹಣ್ಣು ಒಯ್ಯುತ್ತಿದ್ದರು. ಒಂದು ವರ್ಷ ಬರಲಿಲ್ಲ. ಬದಲಿಗೆ ಅವರ ಶಿಷ್ಯೆ ಬಂದಳು.

“ಮೇಡಂ ತೀರ್ಕೊಂಡ್ರು ಆಂಟಿ, ಕ್ಯಾನ್ಸರ್. ಆಸ್ಪತ್ರೇಲಿ ಮಲಗಿದ್ದಾಗ್ಲೂ ಮಲ್ಲಂದೂರಿನ ಹಣ್ಣು ಬಂತಾ ಅಂತ ಕೇಳ್ತಿದ್ರು.”

ಅವಳು ಕಣ್ಣೊರೆಸಿಕೊಂಡು ತೋಟಕ್ಕಿಳಿದಳು. ನಾನೂ ಹಿಂದೆಯೇ ಹೋದೆ.

ಈ ವರ್ಷ ನಮ್ಮ ತೋಟದಲ್ಲಿ ಹುಳ ಕಡಿಮೆ. ವಿಷಯ ತಿಳಿದವರೆಲ್ಲ “ಒಳ್ಳೇದಾಯ್ತಲ್ಲ” ಎನ್ನುತ್ತಾರೆ. ಯಾಕೆ ಕಡಿಮೆಯಾಯಿತು ಎಂದು ಕೇಳುವವರು ಈಗಿಲ್ಲ.