ರುದ್ರಪ್ಪ ಮೇಷ್ಟ್ರ ತಂಬಿಗೆ ನೀರು

ರುದ್ರಪ್ಪ ಮೇಷ್ಟ್ರು ಆಟ ಕಲಿಸಲು ಮೈದಾನಕ್ಕೆ ಬಂದರೆ ಒಂದು ಕೈಯಲ್ಲಿ ಚೆಂಡು, ಇನ್ನೊಂದರಲ್ಲಿ ನೀರಿನ ತಂಬಿಗೆ. ಅಲ್ಲಲ್ಲಿ ಬಗ್ಗಿ ನೀರು ಸುರಿಯುವರು. ನಿಂತರೆ ಸರಿ, ಸರ್ರನೆ ಇಂಗಿದರೆ ಅಡಿಯಲ್ಲಿ ಬಿರುಕಿದೆ ಎಂದು ಅಲ್ಲೇ ಕೂತು ಕೆದಕುವರು. ಅಜ್ಜಂಪುರದ ಎರೆ ನೆಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಹುಡುಗರಾದ ನಾವು ಮಾತ್ರ, ಮೇಷ್ಟ್ರು ತಂಬಿಗೆ ಹಿಡಿದು ಬಯಲಿಗೆ ಹೊರಟರು ಎಂದು ಹಿಂದಿನಿಂದ ನಗುತ್ತಿದ್ದೆವು.

ಮೂರು ದೇಶ ಕೂಡಿ ಫುಟ್‌ಬಾಲ್ ವಿಶ್ವಕಪ್ ನಡೆಸುವ ಊರುಗಳ ನಕ್ಷೆ ಪತ್ರಿಕೆಯಲ್ಲಿ ಬಂದಾಗ ಮೇಷ್ಟ್ರು ನಿವೃತ್ತರಾಗಿದ್ದರು. ಅದನ್ನು ಹಿಡಿದು ನನ್ನ ಗೊಬ್ಬರದಂಗಡಿಗೆ ಬಂದರು.

"ದೇಶದೇಶಗಳೇ ಹಂಚ್ಕೊಂಡು ಆಡಿಸ್ತಾವೆ ಕಣೋ. ಕಡೂರು, ತರೀಕೆರೆ, ನಾವು ಸೇರಿ ಒಂದು ಕಪ್ ಆಡಿಸಕ್ಕಾಗಲ್ವಾ?"

ಬೀರೂರಿನಲ್ಲಿ ಮೂರೂ ಊರಿನವರು ಸಭೆ ಸೇರಿದೆವು. ಫೈನಲ್ ಎಲ್ಲಿ ಎಂಬಲ್ಲಿಗೆ ಬಂದು ಮಾತು ನಿಂತಿತು. ಕಡೂರಿನಲ್ಲೇ ಆಗಲಿ, ಬೇಸಿಗೆಗೆ ನಮ್ಮ ನೆಲ ನಂಬುವಂತಿಲ್ಲ ಎಂದರು ಮೇಷ್ಟ್ರು. ನನಗೆ ರೇಗಿತು. ನಮ್ಮೂರು ತಾಲ್ಲೂಕಾದ ಮೇಲೂ ನಾವು ಕೈಕಟ್ಟಿ ನಿಲ್ಲಬೇಕೇ? ಮೇಷ್ಟ್ರಿಗೆ ವಯಸ್ಸಾಯ್ತು, ಊರಿನ ಅಭಿಮಾನ ಹೋಯ್ತು ಎಂದು ಎಲ್ಲರೆದುರು ಅಂದುಬಿಟ್ಟೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಫೈನಲ್ ನಮಗೇ ಬಂತು.

ಮರುದಿನದಿಂದ ತಂಬಿಗೆ, ಗುದ್ದಲಿ ಹಿಡಿದು ಅವರೊಬ್ಬರೇ ಬಿರುಕು ತುಂಬಿದರು. ನಾನು ಪೆಂಡಾಲು, ಮೈಕು, ಹಾರ ಎಂದು ಓಡಾಡುತ್ತಿದ್ದೆ. ಫೈನಲ್ ದಿನ ಬೆಳಿಗ್ಗೆ, ಇನ್ನೂ ಜನ ಬಂದಿರಲಿಲ್ಲ, ಗೋಲಿನ ಹತ್ತಿರ ಕಾಲು ಬಿರುಕಿಗಿಳಿದು ಅವರು ಬಿದ್ದರು. ಸೊಂಟ ಮುರಿದಿತ್ತು. ಎತ್ತಲು ಹೋದ ನನ್ನ ಕೈ ಹಿಡಿದುಕೊಂಡರು.

"ಮನೆ ಮೆಟ್ಲಲ್ಲಿ ಜಾರ್ದೆ ಅಂತ ಹೇಳು. ನೆಲದ ಹೆಸರು ಕೆಟ್ರೆ ಇನ್ನೊಂದ್ಸಲ ಯಾರೂ ಬರಲ್ಲ. ಮೊದ್ಲು ಆ ಬಿರುಕು ಮುಚ್ಚು."

ಬಿರುಕು ಮುಚ್ಚಿ, ನನ್ನ ಗಾಡಿಯಲ್ಲೇ ಆಸ್ಪತ್ರೆಗೆ ಸೇರಿಸಿದೆ. ಸಖರಾಯಪಟ್ಟಣದಿಂದ ಓಡಿಬಂದ ಮೇಷ್ಟ್ರ ಮಗಳು ಗೌರಮ್ಮನಿಗೂ ಮೆಟ್ಟಿಲೆಂದೇ ಹೇಳಿದೆ. ಪಂದ್ಯ ಚೆನ್ನಾಗಿ ನಡೆಯಿತು, ಹಾರ ನನ್ನ ಕೊರಳಿಗೆ ಬಿತ್ತು.

ಮೇಷ್ಟ್ರು ಮತ್ತೆ ಏಳಲಿಲ್ಲ. ನೋಡಲು ಹೋದಾಗಲೆಲ್ಲ ಮೈದಾನಕ್ಕೆ ನೀರು ಬಿಟ್ಟರಾ ಎಂದಷ್ಟೇ ಕೇಳುತ್ತಿದ್ದರು. ವಿಶ್ವಕಪ್ ಶುರುವಾಗುವ ಮೊದಲೇ ತೀರಿಕೊಂಡರು.

ಶಿವಗಣಾರಾಧನೆಗೆ ಅವರ ಮನೆಗೆ ಹೋದರೆ ಬಾಗಿಲ ಮುಂದಿನ ಹಳೇ ಕಲ್ಲು ಮೆಟ್ಟಿಲು ಇರಲಿಲ್ಲ. ಹಸಿ ಸಿಮೆಂಟಿನ ಮೇಲೆ ಹಲಗೆ ಹಾಸಿದ್ದರು.

"ಅಪ್ಪನ್ನ ಕೆಡವಿದ ಕಲ್ಲು ಕಣಣ್ಣ," ಎಂದಳು ಗೌರಮ್ಮ. "ನೋಡಕ್ಕಾಗ್ಲಿಲ್ಲ, ಒಡೆಸಿಬಿಟ್ಟೆ."

ಒಡೆದ ಕಲ್ಲಿನ ಚೂರು ಗೋಡೆ ಪಕ್ಕ ಬಿದ್ದಿತ್ತು. ಒಳ್ಳೇದು ಮಾಡಿದೆ ಬಿಡಮ್ಮ ಎಂದು ಹೇಳಿ, ಹಲಗೆ ದಾಟಿ ಊಟಕ್ಕೆ ಕೂತೆ.